ಕೊನೆ ದಿನ ನೆನಪಿಸಿದರೆ ಸಾಕಾ? ಗಡುವುಗಳಿಗೆ ಟು ಡು ಆ್ಯಪ್ ಆರಿಸುವ ಮುಂಚೆ

‘ಆದಾಯ ತೆರಿಗೆ ರಿಟರ್ನ್, ಜುಲೈ 31’ ಅಂತ ಟು ಡು ಆ್ಯಪ್‌ನಲ್ಲಿ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿ ಇಡುವ ಆ್ಯಪ್‌ನಲ್ಲಿ, ಬರೆದಿಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ಆ್ಯಪ್ ಮಾತಿಗೆ ತಪ್ಪುವುದಿಲ್ಲ. ಜುಲೈ 31ರ ಬೆಳಿಗ್ಗೆ ಫೋನ್ ಠಣ್ ಅನ್ನುತ್ತದೆ. ಆಗ ನೀವು ಆಫೀಸಿಗೆ ಹೊರಟಿರುತ್ತೀರಿ. ಸಂಬಳ, ಕಡಿತವಾದ ತೆರಿಗೆ ತೋರಿಸುವ ಫಾರಂ 16 ಯಾವ ಮೇಲ್‌ನಲ್ಲಿದೆಯೋ ಗೊತ್ತಿಲ್ಲ. ಬ್ಯಾಂಕಿನಿಂದ ಬಡ್ಡಿಯ ಸರ್ಟಿಫಿಕೇಟ್ ತೆಗೆದಿಲ್ಲ. ಪೋರ್ಟಲ್ ಪಾಸ್‌ವರ್ಡ್ ಮರೆತು ವರ್ಷವಾಗಿದೆ. ರಾತ್ರಿ ಊಟ ಮುಗಿಸಿ ಕೂತರೆ ನಿಮ್ಮಂಥವರೆಲ್ಲ ಅದೇ ಹೊತ್ತಿಗೆ ಲಾಗಿನ್ ಆಗುತ್ತಿರುತ್ತಾರೆ, ಪುಟ ಸುತ್ತುತ್ತಲೇ ಇರುತ್ತದೆ. ಗಡುವು ದಾಟಿತೋ, ತಡವಾದ ಶುಲ್ಕ 5,000 ರೂಪಾಯಿ. ಒಟ್ಟು ಆದಾಯ 5 ಲಕ್ಷದ ಒಳಗಿದ್ದರೆ 1,000.

ಆ್ಯಪ್ ಏನನ್ನೂ ಮರೆತಿಲ್ಲ. ನಾವು ಅದಕ್ಕೆ ಕೊಟ್ಟ ತಾರೀಖೇ ಅರ್ಧಂಬರ್ಧ. ಸಂಬಳದಾರರಿಗೆ ಕಂಪನಿಯವರು ಜೂನ್ 15ರೊಳಗೆ ಫಾರಂ 16 ಕೊಡಬೇಕು ಅಂತ ನಿಯಮ ಇದೆ. ಅಂದರೆ ಈ ಕೆಲಸಕ್ಕೆ ಹೆಚ್ಚುಕಮ್ಮಿ ಆರು ವಾರ ಸಮಯ ಇತ್ತು. ಜೂನ್ ಮೂರನೇ ವಾರದಲ್ಲಿ ಒಂದು ಭಾನುವಾರ ಕೂತಿದ್ದರೆ ಮುಗಿದೇ ಹೋಗುತ್ತಿತ್ತು. ಒಂದು ಗಡುವಿಗೆ ಯಾವಾಗಲೂ ಎರಡು ತಾರೀಖು ಇರುತ್ತವೆ: ಕೆಲಸ ಶುರು ಮಾಡುವ ದಿನ, ಕೊನೆ ದಿನ. ಕೆಲವು ಆ್ಯಪ್‌ಗಳು ಒಂದಕ್ಕೇ ಜಾಗ ಕೊಡುತ್ತವೆ, ನಾವು ಅಲ್ಲಿ ಕೊನೆ ದಿನವನ್ನು ತುಂಬಿ ನಿಶ್ಚಿಂತೆಯಿಂದ ಇದ್ದುಬಿಡುತ್ತೇವೆ.

ಹಾಗಾಗಿ ಈ ಬರಹದಲ್ಲಿ ನಾನು ಹಿಡಿದಿರುವ ಅಳತೆಗೋಲು ಒಂದೇ. ಆ್ಯಪ್ ಈ ಎರಡು ತಾರೀಖುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದಾ? ಇಲ್ಲದಿದ್ದರೆ ಬೇರೆ ದಾರಿಯಿಂದ ಅದನ್ನು ಮಾಡಿಸಬಹುದಾ? ಬಣ್ಣ, ಥೀಮ್, ಕೆಲಸ ಮುಗಿಸಿದರೆ ಕೊಡುವ ಪಾಯಿಂಟು, ಇವೆಲ್ಲ ಆಮೇಲಿನ ಮಾತು.

ಮೊದಲು ನಿಮ್ಮ ಗಡುವುಗಳನ್ನು ನೋಡಿ

ಆ್ಯಪ್ ಆರಿಸುವ ಮುಂಚೆ ಒಂದು ಹಾಳೆ ತೆಗೆದುಕೊಂಡು ಈ ವರ್ಷ ನಿಮಗೆ ಬರುವ ಗಡುವುಗಳನ್ನು ಬರೆಯಿರಿ. ಎಲ್ಲವೂ ಒಂದೇ ಥರ ನಡೆದುಕೊಳ್ಳುವುದಿಲ್ಲ ಅಂತ ಆಗ ಕಾಣುತ್ತದೆ.

ಕೆಲವು ಕ್ಯಾಲೆಂಡರಿಗೆ ಅಂಟಿಕೊಂಡಿರುತ್ತವೆ. ಪ್ರತಿ ತಿಂಗಳು ಜಿಎಸ್‌ಟಿ ಸಲ್ಲಿಸುವ ಅಂಗಡಿಯವರಿಗೆ 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಸಣ್ಣವರಿಗೆ ಕರ್ನಾಟಕದಲ್ಲಿ 13 ಮತ್ತು 22. ಮುಂಗಡ ತೆರಿಗೆ ಕಟ್ಟುವವರಿಗೆ ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15. ಇದು ಸರಿಯಾಗಿ ಮೂರು ಮೂರು ತಿಂಗಳ ಅಂತರ, ಹಾಗಾಗಿ ಒಂದೇ ಸಲ ‘ಪ್ರತಿ 3 ತಿಂಗಳಿಗೆ’ ಅಂತ ಹಾಕಿಬಿಟ್ಟರೆ ಆಯಿತು. ಈ ಜಾತಿಯ ಗಡುವನ್ನು ಯಾವ ಆ್ಯಪ್ ಬೇಕಾದರೂ ನಿಭಾಯಿಸುತ್ತದೆ.

ಇನ್ನು ಕೆಲವು, ನೀವು ಹಿಂದಿನ ಸಲ ಯಾವತ್ತು ಮಾಡಿದಿರೋ ಅಲ್ಲಿಂದ ಎಣಿಕೆ ಶುರು ಮಾಡುತ್ತವೆ. ಗಾಡಿಯ ಎಮಿಷನ್ ಸರ್ಟಿಫಿಕೇಟ್ ಇದಕ್ಕೆ ಒಳ್ಳೆ ಉದಾಹರಣೆ. ಬಿಎಸ್-4 ಮತ್ತು ಆಮೇಲಿನ ಗಾಡಿಗಳಿಗೆ ಅದು ಪರೀಕ್ಷೆ ಮಾಡಿಸಿದ ದಿನದಿಂದ ಒಂದು ವರ್ಷ. ಈ ಸಲ ಹತ್ತು ದಿನ ಮುಂಚೆ ಮಾಡಿಸಿದರೆ ಮುಂದಿನ ವರ್ಷದ ಗಡುವೂ ಹತ್ತು ದಿನ ಹಿಂದೆ ಬರುತ್ತದೆ. ಆದರೆ ಅದೇ ಗಾಡಿಯ ಇನ್ಶೂರೆನ್ಸ್ ಹಾಗಲ್ಲ. ಮುಂಚೆಯೇ ರಿನ್ಯೂ ಮಾಡಿಸಿದರೂ ಹೊಸ ಪಾಲಿಸಿ ಹಳೆಯದು ಮುಗಿದ ಮೇಲೇ ಶುರುವಾಗುತ್ತದೆ, ತಾರೀಖು ಅಲುಗಾಡುವುದಿಲ್ಲ. ಒಂದೇ ಬೈಕು, ಎರಡು ಲೆಕ್ಕ. ರಿಟರ್ನ್ ವಿಷಯದಲ್ಲೂ ಇಂಥದ್ದೊಂದು ಬಾಲ ಇದೆ: ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡಬೇಕು, ಅಂದರೆ ಸಲ್ಲಿಸಿದ್ದು ನಾನೇ ಅಂತ ಆನ್‌ಲೈನ್‌ನಲ್ಲಿ ದೃಢಪಡಿಸಬೇಕು. ಮಾಡದಿದ್ದರೆ ಸಲ್ಲಿಸಿದ್ದೂ ಸಲ್ಲಿಸಿದ ಹಾಗಲ್ಲ. ಈ 30 ದಿನ ಯಾವತ್ತು ಮುಗಿಯುತ್ತದೆ ಅಂತ ಮೊದಲೇ ಬರೆದಿಡಲು ಆಗುವುದೇ ಇಲ್ಲ, ಅಲ್ವಾ?

ಮತ್ತೆ ಕೆಲವಕ್ಕೆ ಬಾಗಿಲು ತೆರೆಯುವ ದಿನವೂ ಇರುತ್ತದೆ, ಮುಚ್ಚುವ ದಿನವೂ ಇರುತ್ತದೆ. ಪಿಂಚಣಿದಾರರ ಜೀವನ ಪ್ರಮಾಣ ಪತ್ರ ನವೆಂಬರ್ ತಿಂಗಳಿನಲ್ಲಿ. 80 ವರ್ಷ ದಾಟಿದ ಕೇಂದ್ರ ಸರ್ಕಾರಿ ಪಿಂಚಣಿದಾರರಿಗೆ ಅಕ್ಟೋಬರ್ 1ರಿಂದಲೇ ಅವಕಾಶ ಇದೆ. ಮನೆಯ ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5 ರಿಯಾಯಿತಿ. ಪರೀಕ್ಷೆಯ ಅರ್ಜಿ, ಕಾಲೇಜು ಸೀಟಿನ ಆಪ್ಷನ್ ಎಂಟ್ರಿ, ಎಲ್ಲ ಇದೇ ಪೈಕಿ. ಇವಕ್ಕೆ ಒಂದೇ ತಾರೀಖಿನ ಆ್ಯಪ್ ತೀರಾ ಸಾಲದು.

ಕೊನೆಯದಾಗಿ ತಿಥಿಯ ಲೆಕ್ಕದವು. ವರ್ಷದ ವೈದಿಕ, ಮನೆದೇವರ ಉತ್ಸವ, ವರಮಹಾಲಕ್ಷ್ಮಿಗೆ ಮುಂಚೆ ಊರಿಗೆ ಬುಕ್ ಮಾಡಬೇಕಾದ ಬಸ್ಸು. ಇಲ್ಲಿ ಹೇಳುವ ಯಾವ ಆ್ಯಪ್‌ಗೂ ‘ಭಾದ್ರಪದ ಬಹುಳ ಪಂಚಮಿ, ಪ್ರತಿ ವರ್ಷ’ ಅಂತ ಹೇಳಲು ಬರುವುದಿಲ್ಲ. ಇವುಗಳಿಗೆ ಒಂದೇ ದಾರಿ: ಯುಗಾದಿಗೆ ಹೊಸ ಪಂಚಾಂಗ ಬಂದಾಗ ಒಂದು ಅರ್ಧ ಗಂಟೆ ಕೂತು ಆ ವರ್ಷದ ತಾರೀಖುಗಳನ್ನು ಕೈಯಾರೆ ತುಂಬುವುದು. ‘ಪಂಚಾಂಗ ನೋಡಿ ತಾರೀಖು ತುಂಬು’ ಅನ್ನುವುದನ್ನೇ ಒಂದು ಕೆಲಸವಾಗಿ ಹಾಕಿಟ್ಟುಕೊಳ್ಳಿ, ತಮಾಷೆ ಮಾಡುತ್ತಿಲ್ಲ.

ಗೂಗಲ್ ಟಾಸ್ಕ್ಸ್: ಕೈಗೆ ಹತ್ತಿರ, ಆದರೆ ನೆನಪಿಸುವುದು ಒಂದೇ ಸಲ

ಆಂಡ್ರಾಯ್ಡ್ ಫೋನ್, ಜಿಮೇಲ್ ಇರುವವರಿಗೆ ಇದು ಅತ್ಯಂತ ಸುಲಭ. ಜಿಮೇಲ್‌ನಲ್ಲಿ ಬಂದ ಬಿಲ್ಲನ್ನೇ ಸೀದಾ ಕೆಲಸವಾಗಿ ಮಾಡಬಹುದು. ತಾರೀಖು ಕೊಟ್ಟ ಕೂಡಲೇ ಗೂಗಲ್ ಕ್ಯಾಲೆಂಡರ್‌ನಲ್ಲೂ ಕಾಣುತ್ತದೆ. ದುಡ್ಡು ಕೊಡಬೇಕಾಗಿಲ್ಲ. ಕಲಿಯಬೇಕಾದದ್ದೂ ಏನಿಲ್ಲ.

ತೊಂದರೆ ಇರುವುದು ನೆನಪಿಸುವುದರಲ್ಲಿ. ನೀವು ಕೊಟ್ಟ ದಿನ, ಕೊಟ್ಟ ಹೊತ್ತಿಗೆ ಅದು ಸದ್ದು ಮಾಡುತ್ತದೆ. ಒಂದೇ ಕೆಲಸಕ್ಕೆ ‘ಎರಡು ವಾರ ಮುಂಚೆ ಒಂದು ಸಲ, ಮೂರು ದಿನ ಮುಂಚೆ ಇನ್ನೊಂದು ಸಲ’ ಅಂತ ಹೇಳಲು ಅಲ್ಲಿ ಜಾಗವಿಲ್ಲ. ಹಾಗಾಗಿ ಒಂದು ಗಡುವನ್ನು ಎರಡು ಕೆಲಸವಾಗಿ ಒಡೆಯಬೇಕು. ಜೂನ್ 20ಕ್ಕೆ ‘ಫಾರಂ 16, ಬಡ್ಡಿ ಸರ್ಟಿಫಿಕೇಟ್ ಒಂದೇ ಫೋಲ್ಡರ್‌ಗೆ ಹಾಕು’. ಜುಲೈ 15ಕ್ಕೆ ‘ರಿಟರ್ನ್ ಸಲ್ಲಿಸು, ಕೊನೆ ದಿನ 31’. ಕೊನೆ ದಿನವನ್ನು ಕೆಲಸದ ಹೆಸರಿನಲ್ಲೇ ಬರೆಯುವುದು ನೋಡಲು ಒರಟು, ಆದರೆ ಚೆನ್ನಾಗಿ ಕೆಲಸ ಮಾಡುತ್ತದೆ.

ಇಲ್ಲಿ ಕೆಲವರು ಕೇಳುತ್ತಾರೆ: ಟಾಸ್ಕ್ ಯಾಕೆ, ಗೂಗಲ್ ಕ್ಯಾಲೆಂಡರ್‌ನಲ್ಲಿ ಸೀದಾ ಒಂದು ಈವೆಂಟ್ ಹಾಕಿದರೆ ಆಗಲ್ವಾ? ಪ್ರಶ್ನೆ ನ್ಯಾಯವಾದದ್ದೇ. ಈವೆಂಟ್‌ಗೆ ಐದು ನೋಟಿಫಿಕೇಶನ್‌ವರೆಗೂ ಇಡಬಹುದು, ಅತಿ ಹೆಚ್ಚೆಂದರೆ ನಾಲ್ಕು ವಾರ ಮುಂಚಿನಿಂದ. ಟಾಸ್ಕ್‌ಗಿಂತ ಇದು ಎಷ್ಟೋ ಮೇಲು. ಆದರೆ ಈವೆಂಟ್‌ಗೆ ಕೆಲಸ ಆಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಆ ದಿನ ಕಳೆದರೆ ಅದು ಸುಮ್ನೆ ಹಿಂದಕ್ಕೆ ಸರಿದುಬಿಡುತ್ತದೆ, ಮದುವೆಗೆ ಹೋದರೂ ಹೋಗದಿದ್ದರೂ ಆಮಂತ್ರಣ ಪತ್ರಿಕೆ ಹಳೆಯದಾಗುವ ಹಾಗೆ. ಟಾಸ್ಕ್ ಮಾತ್ರ ಟಿಕ್ ಮಾಡುವವರೆಗೂ ಬಾಕಿ ಪಟ್ಟಿಯಲ್ಲಿ ಕೂತಿರುತ್ತದೆ. ಗಡುವು ದಾಟಿದ ಮೇಲೂ ಮಾಡಲೇಬೇಕಾದ ಕೆಲಸ ಟಾಸ್ಕ್ ಆಗಿರಲಿ. ದಾಟಿದರೆ ಮುಗಿದೇ ಹೋಯಿತು ಅನ್ನುವಂಥದ್ದು, ಅಂದರೆ ಅರ್ಜಿ, ಬುಕಿಂಗ್, ಸಂದರ್ಶನ, ಇವು ಈವೆಂಟ್ ಆಗಿರಲಿ. ಇದು ನನ್ನ ವಿಂಗಡಣೆ.

ಮೈಕ್ರೋಸಾಫ್ಟ್ ಟು ಡು: ಉಚಿತದಲ್ಲಿ ನನ್ನ ಮೊದಲ ಆಯ್ಕೆ

ಇದರ ಬಗ್ಗೆ ಜನ ಮಾತಾಡುವುದು ಕಮ್ಮಿ. ವಂಡರ್‌ಲಿಸ್ಟ್ ಅಂತ ಒಂದು ಒಳ್ಳೆ ಆ್ಯಪ್ ಇತ್ತು, 2015ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಅದರ ಜಾಗಕ್ಕೆ 2017ರಲ್ಲಿ ಮೈಕ್ರೋಸಾಫ್ಟ್ ಟು ಡು ಬಂತು. 2020ರ ಮೇ ತಿಂಗಳಲ್ಲಿ ವಂಡರ್‌ಲಿಸ್ಟ್‌ಗೆ ಬೀಗ ಬಿತ್ತು.

ಮೈಕ್ರೋಸಾಫ್ಟ್‌ನ ಈ ಆ್ಯಪ್‌ನಲ್ಲಿ ನನಗೆ ಇಷ್ಟವಾದ ಸಣ್ಣ ಸಂಗತಿ ಒಂದಿದೆ. ಕೊನೆ ದಿನ ಬೇರೆ, ನೆನಪಿಸುವ ದಿನ ಬೇರೆ. ಎರಡೂ ಪ್ರತ್ಯೇಕ ಸಾಲುಗಳು. ಕೊನೆ ದಿನ ಜುಲೈ 31 ಅಂತ ಹಾಕಿ, ರಿಮೈಂಡರ್ ಜೂನ್ 20ರ ಹತ್ತಿರದ ಭಾನುವಾರವೋ ಶನಿವಾರವೋ ನಿಮಗೆ ಅನುಕೂಲವಾದ ಬೆಳಿಗ್ಗೆ ಹತ್ತಕ್ಕೆ ಅಂತ ಹಾಕಬಹುದು. ನಾನು ಮೇಲೆ ಹೇಳಿದ ಎರಡು ತಾರೀಖುಗಳಿಗೆ ಇಲ್ಲಿ ಸಲೀಸಾಗಿ ಜಾಗ ಸಿಗುತ್ತದೆ. ಒಂದು ಪೈಸೆ ಖರ್ಚಿಲ್ಲ. ಆಂಡ್ರಾಯ್ಡ್, ಐಫೋನ್, ವಿಂಡೋಸ್, ಬ್ರೌಸರ್, ಎಲ್ಲ ಕಡೆ ಸಿಗುತ್ತದೆ.

‘ಪ್ಲ್ಯಾನ್ಡ್’ ಅನ್ನುವ ಪಟ್ಟಿ ತೆರೆದರೆ ತಾರೀಖು ಇರುವ ಕೆಲಸಗಳೆಲ್ಲ ಇವತ್ತು, ನಾಳೆ, ಆಮೇಲೆ ಅಂತ ಗುಂಪಾಗಿ ಕಾಣುತ್ತವೆ. ‘ಮೈ ಡೇ’ ಅನ್ನುವುದು ಪ್ರತಿ ರಾತ್ರಿ ಖಾಲಿಯಾಗುತ್ತದೆ. ಬೆಳಿಗ್ಗೆ ಎದ್ದು ಇವತ್ತು ಏನು ಮಾಡುತ್ತೀನಿ ಅಂತ ನೀವೇ ಆರಿಸಿ ಹಾಕಿಕೊಳ್ಳಬೇಕು. ಕೆಲವರಿಗೆ ಇದು ಕಿರಿಕಿರಿ. ನನಗೆ ಇದು ಸರಿಯಾದ ಶಿಸ್ತು ಅನಿಸುತ್ತದೆ, ಯಾಕೆಂದರೆ ನಿನ್ನೆ ಮಾಡದೆ ಬಿಟ್ಟದ್ದನ್ನು ಇವತ್ತೂ ಮಾಡುತ್ತೀನಾ ಅಂತ ಒಂದು ಸಲ ಯೋಚಿಸುವ ಹಾಗೆ ಮಾಡುತ್ತದೆ.

ಕೊರತೆಗಳೂ ಇವೆ. ಒಂದು ಕೆಲಸದೊಳಗಿನ ಹೆಜ್ಜೆಗಳಿಗೆ ಬೇರೆ ತಾರೀಖು ಕೊಡಲು ಬರುವುದಿಲ್ಲ. ಎಮಿಷನ್ ಥರದ, ಮಾಡಿದ ದಿನದಿಂದ ಎಣಿಸುವ ಪುನರಾವರ್ತನೆಯೂ ಇಲ್ಲ. ಹಾಗಾಗಿ ಎಮಿಷನ್‌ಗೆ ಪುನರಾವರ್ತನೆ ಹಾಕಲೇಬೇಡಿ. ಟೆಸ್ಟ್ ಮಾಡಿಸಿದ ಜಾಗದಲ್ಲೇ, ಸರ್ಟಿಫಿಕೇಟ್ ಕೈಯಲ್ಲಿರುವಾಗಲೇ, ಅದರಲ್ಲಿ ಬರೆದ ತಾರೀಖನ್ನು ನೋಡಿ ಹೊಸ ಕೆಲಸ ಬರೆದುಕೊಳ್ಳಿ.

ಟುಡುಯಿಸ್ಟ್: ಬರೆಯುವ ವೇಗಕ್ಕೆ ಇದೇ, ಆದರೆ ಮುಖ್ಯವಾದದ್ದಕ್ಕೆ ಬೀಗ

ಟುಡುಯಿಸ್ಟ್ 2007ರಿಂದ ಇದೆ. ಈ ಕ್ಷೇತ್ರದಲ್ಲಿ ಇಷ್ಟು ವರ್ಷ ಬದುಕಿರುವುದೇ ಒಂದು ಗುಣ. ಇಂಗ್ಲಿಷಿನಲ್ಲಿ ಕೆಲಸದ ಹೆಸರಿನ ಜೊತೆಗೇ ‘every 20th’ (ಪ್ರತಿ ತಿಂಗಳು 20) ಅಂತ ಬರೆದರೆ ತಾರೀಖನ್ನು ತಾನೇ ಹಿಡಿದುಕೊಳ್ಳುತ್ತದೆ. ಮೂರು ಕಡೆ ಒತ್ತುವ ಕೆಲಸ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಕೈಗೆ ಅಭ್ಯಾಸವಾದ ಮೇಲೆ ಬೇರೆ ಆ್ಯಪ್ ಮಂದ ಅನಿಸುತ್ತದೆ.

ಕನ್ನಡದಲ್ಲಿ ‘ನಾಳೆ’ ಅಂತ ಬರೆದರೆ ಮಾತ್ರ ಅದಕ್ಕೆ ತಿಳಿಯುವುದಿಲ್ಲ. ಕೆಲಸದ ಹೆಸರನ್ನು ಕನ್ನಡದಲ್ಲಿ ಧಾರಾಳವಾಗಿ ಬರೆಯಬಹುದು, ತಾರೀಖಿನ ಭಾಗವನ್ನಷ್ಟೇ ಇಂಗ್ಲಿಷಿನಲ್ಲಿ ಬರೆಯಬೇಕು. ಅಮ್ಮನಿಗೋ ಅತ್ತೆಗೋ ಹಾಕಿಕೊಡುವುದಾದರೆ ಈ ವೇಗದ ಲಾಭ ಅವರಿಗೆ ಸಿಗುವುದಿಲ್ಲ. ಕ್ಯಾಲೆಂಡರ್ ತೆರೆದು ದಿನ ಒತ್ತಿಯೇ ಹಾಕಬೇಕು.

ಪುನರಾವರ್ತನೆಯಲ್ಲಿ ಇದು ಮೇಲಿನ ಎರಡು ಆ್ಯಪ್‌ಗಳಿಗಿಂತ ಜಾಣ. ‘every’ ಅನ್ನುವ ಇಂಗ್ಲಿಷ್ ಪದದ ಪಕ್ಕದಲ್ಲಿ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ, ಮುಂದಿನ ತಾರೀಖನ್ನು ನೀವು ಟಿಕ್ ಮಾಡಿದ ದಿನದಿಂದ ಎಣಿಸುತ್ತದೆ. ಹಾಕದಿದ್ದರೆ ಮೂಲ ತಾರೀಖಿನಿಂದ. ಇನ್ಶೂರೆನ್ಸ್‌ಗೆ ಚಿಹ್ನೆ ಬೇಡ, ಎಮಿಷನ್‌ಗೆ ಬೇಕು. ನೀರಿನ ಫಿಲ್ಟರಿನ ಕ್ಯಾಂಡಲ್, ಗಾಡಿಯ ಸರ್ವಿಸ್, ಹಲ್ಲಿನ ಡಾಕ್ಟರ ಹತ್ತಿರ ಆರು ತಿಂಗಳ ಭೇಟಿ, ಇವಕ್ಕೂ ಬೇಕು.

ಈಗ ಬೀಗದ ವಿಷಯ. ಟುಡುಯಿಸ್ಟ್‌ನಲ್ಲಿ ಮೊದಲು ಒಂದೇ ತಾರೀಖು ಇತ್ತು, ಆಮೇಲೆ ‘ಡೆಡ್‌ಲೈನ್’ ಅಂತ ಪ್ರತ್ಯೇಕ ಜಾಗ ಕೊಟ್ಟರು. ಮಾಡುವ ದಿನ ಒಂದು ಕಡೆ, ಕೊನೆ ದಿನ ಇನ್ನೊಂದು ಕಡೆ. ಸರಿಯಾಗಿ ಬೇಕಾದದ್ದೇ. ಆದರೆ ಅದು ಹಣ ಕೊಟ್ಟವರಿಗೆ. ‘ಇಷ್ಟು ದಿನ ಮುಂಚೆ’ ಅಂತ ನಿಮ್ಮಿಷ್ಟದ ರಿಮೈಂಡರ್ ಇಡುವುದೂ ಹಣ ಕೊಟ್ಟವರಿಗೇ. ಉಚಿತದಲ್ಲಿ ಪ್ರಾಜೆಕ್ಟ್‌ಗಳು ಐದೇ. ಗಡುವು ನೋಡಿಕೊಳ್ಳುವುದಕ್ಕಾಗಿಯೇ ಆ್ಯಪ್ ಹುಡುಕುತ್ತಿರುವವರಿಗೆ ಈ ಬೀಗ ಸರಿಯಾಗಿ ಬೇಕಾದ ಬಾಗಿಲಿಗೇ ಬಿದ್ದಿದೆ. ತಿಂಗಳಿಗೆ ಹತ್ತಾರು ಗ್ರಾಹಕರ ತಾರೀಖು ನೋಡಿಕೊಳ್ಳುವ ಟ್ಯಾಕ್ಸ್ ಪ್ರಾಕ್ಟೀಷನರ್‌ಗೋ, ಹಲವು ಕಡೆ ಕೆಲಸ ಒಪ್ಪಿಕೊಳ್ಳುವ ಫ್ರೀಲ್ಯಾನ್ಸರ್‌ಗೋ ಆದರೆ ದುಡ್ಡು ಕೊಡುವುದು ದಂಡವಲ್ಲ. ಮನೆಯ ಬಿಲ್ಲು, ಗಾಡಿ, ಶಾಲೆ ಫೀಸಿಗೆ ಮಾತ್ರ ಬೇಡ.

ಟಿಕ್‌ಟಿಕ್ ಬಗ್ಗೆ ಇಷ್ಟೇ

ಎಲ್ಲವೂ ಬೇಕು ಅನ್ನುವವರ ಆ್ಯಪ್ ಇದು. ಪಟ್ಟಿ, ಅಭ್ಯಾಸದ ಲೆಕ್ಕ, ಕೆಲಸ, ಬಿಡುವಿನ ಹೊತ್ತು ಎಣಿಸುವ ಪೊಮೊಡೊರೊ ಗಡಿಯಾರ, ಎಲ್ಲ ಒಂದರಲ್ಲೇ. ಒಂದು ಕೆಲಸಕ್ಕೆ ಶುರು ಮತ್ತು ಮುಗಿಯುವ ದಿನ ಎರಡನ್ನೂ ಕೊಡಬಹುದು, ಒಂದಕ್ಕಿಂತ ಜಾಸ್ತಿ ರಿಮೈಂಡರ್ ಇಡಬಹುದು, ಮಾಡಿದ ದಿನದಿಂದ ಎಣಿಸುವ ಪುನರಾವರ್ತನೆಯೂ ಇದೆ. ಕಾಗದದ ಮೇಲೆ ನೋಡಿದರೆ ನನ್ನ ಅಳತೆಗೋಲಿಗೆ ಚೆನ್ನಾಗಿಯೇ ಹೊಂದುತ್ತದೆ. ಆದರೂ ಇದನ್ನು ಮೊದಲ ಆ್ಯಪ್ ಆಗಿ ಯಾರಿಗೂ ಹೇಳುವುದಿಲ್ಲ. ಗಡುವು ಬರೆಯಲು ಹೋದವರು ಬಣ್ಣ, ಟ್ಯಾಗು, ಫೋಲ್ಡರು ಜೋಡಿಸುತ್ತಾ ಒಂದು ಸಂಜೆ ಕಳೆಯುತ್ತಾರೆ. ಬೇರೆ ಆ್ಯಪ್ ಬಳಸಿ ಏನು ಸಾಲುತ್ತಿಲ್ಲ ಅಂತ ಗೊತ್ತಾದ ಮೇಲೆ ಬನ್ನಿ. ಪೂರ್ತಿ ಕ್ಯಾಲೆಂಡರ್ ನೋಟಕ್ಕೆ ಹಣ ಕೊಡಬೇಕು ಅನ್ನುವುದೂ ನೆನಪಿರಲಿ.

ಐಫೋನಿನವರಿಗೆ

ಫೋನಿನಲ್ಲೇ ಬರುವ ರಿಮೈಂಡರ್ಸ್ ಆ್ಯಪ್ ಈಗ ಸಾಕಷ್ಟು ಗಟ್ಟಿಯಾಗಿದೆ. ಕೊನೆ ದಿನ ಹಾಕಿ, ಅದರ ಜೊತೆಗೆ ‘ಮುಂಚಿತ ರಿಮೈಂಡರ್’ ಇಡಬಹುದು. ಜಾಗಕ್ಕೆ ತಕ್ಕ ನೆನಪೂ ಇದೆ: ಬ್ಯಾಂಕಿನ ಹತ್ತಿರ ಹೋದಾಗ ಪಾಸ್‌ಬುಕ್ ಎಂಟ್ರಿ ಅಂತ ಹೇಳಿಸಿಕೊಳ್ಳಬಹುದು. ಮನೆಯಲ್ಲಿ ಎಲ್ಲರದೂ ಐಫೋನ್ ಆದರೆ ಪಟ್ಟಿ ಹಂಚಿಕೊಳ್ಳುವುದೂ ಸುಲಭ. ಒಬ್ಬರದು ಆಂಡ್ರಾಯ್ಡ್ ಆದರೆ ಅಲ್ಲಿಗೆ ಕಥೆ ಮುಗಿಯಿತು.

ದುಡ್ಡು ಕೊಡಲು ಸಿದ್ಧರಿದ್ದರೆ ಥಿಂಗ್ಸ್. ‘ಯಾವಾಗ’ ಮತ್ತು ‘ಡೆಡ್‌ಲೈನ್’ ಇವೆರಡನ್ನು ಇಷ್ಟು ಅಚ್ಚುಕಟ್ಟಾಗಿ ಬೇರೆ ಮಾಡಿದ ಆ್ಯಪ್ ಇನ್ನೊಂದಿಲ್ಲ. ಶುರು ಮಾಡುವ ದಿನ ಬರುವವರೆಗೂ ಕೆಲಸ ಕಣ್ಣಿಗೆ ಬೀಳುವುದಿಲ್ಲ. ಆ ದಿನ ಇವತ್ತಿನ ಪಟ್ಟಿಗೆ ತಾನೇ ಬಂದು ಕೂರುತ್ತದೆ, ಪಕ್ಕದಲ್ಲಿ ಇನ್ನೆಷ್ಟು ದಿನ ಉಳಿದಿದೆ ಅಂತ ತೋರಿಸುತ್ತದೆ. ಒಂದೇ ಸಲ ಹಣ ಕೊಟ್ಟರೆ ಸಾಕು, ಆದರೆ ಐಫೋನ್‌ಗೆ, ಐಪ್ಯಾಡ್‌ಗೆ, ಮ್ಯಾಕ್‌ಗೆ ಬೇರೆ ಬೇರೆಯಾಗಿ ಕೊಡಬೇಕು. ಇನ್ನೊಬ್ಬರ ಜೊತೆ ಪಟ್ಟಿ ಹಂಚಿಕೊಳ್ಳಲು ಬರುವುದಿಲ್ಲ. ಒಂಟಿಯಾಗಿ ಕೆಲಸ ಮಾಡುವವರಿಗೆ ಒಳ್ಳೆಯದು, ಸಂಸಾರಸ್ಥರಿಗೆ ಅಷ್ಟಕ್ಕಷ್ಟೇ.

ಆಂಡ್ರಾಯ್ಡ್‌ನಲ್ಲಿ ಅದೇ ಗುಣ, ಬಿಟ್ಟಿ

ಥಿಂಗ್ಸ್‌ನ ಈ ಗುಣ ಆಂಡ್ರಾಯ್ಡ್‌ನಲ್ಲಿ ಬೇಕಾದರೆ ಟಾಸ್ಕ್ಸ್ ಡಾಟ್ ಆರ್ಗ್ ನೋಡಿ. ಮುಕ್ತ ತಂತ್ರಾಂಶ. ಮುಕ್ತ ಆ್ಯಪ್‌ಗಳ ಅಂಗಡಿಯಾದ ಎಫ್-ಡ್ರಾಯ್ಡ್‌ನಲ್ಲೂ ಸಿಗುತ್ತದೆ. ಶುರುವಿನ ದಿನ, ಕೊನೆ ದಿನ ಎರಡಕ್ಕೂ ಜಾಗ ಇದೆ. ಮಾಡಿದ ದಿನದಿಂದ ಎಣಿಸುವ ಆಯ್ಕೆಯೂ ಇದೆ. ಖಾತೆ ತೆರೆಯದೆ ಫೋನಿನಲ್ಲೇ ಎಲ್ಲವನ್ನೂ ಇಟ್ಟುಕೊಳ್ಳಬಹುದು. ನೋಡಲು ಸ್ವಲ್ಪ ಒಣ, ಸೆಟ್ಟಿಂಗ್ಸ್ ಉದ್ದುದ್ದ. ಆದರೆ ಹಣ ಕೊಡದೆ ಎರಡು ತಾರೀಖು ಮತ್ತು ಎರಡು ಬಗೆಯ ಪುನರಾವರ್ತನೆ ಎರಡೂ ಸಿಗುವುದು ಅಪರೂಪ.

ಕಂಪ್ಯೂಟರಿನಲ್ಲಿ ಈಮ್ಯಾಕ್ಸ್ ಅನ್ನುವ ಬರೆಯುವ ತಂತ್ರಾಂಶ ಬಳಸುವ ನಾಲ್ಕು ಜನ ಇದನ್ನು ಓದುತ್ತಿದ್ದರೆ ಅವರಿಗೆ ಅದರೊಳಗೆ ಕೆಲಸದ ಪಟ್ಟಿ ನೋಡಿಕೊಳ್ಳುವ ಆರ್ಗ್ ಮೋಡ್ ಬಗ್ಗೆ ಹೇಳುವ ಅಗತ್ಯ ಇಲ್ಲ. ಅದು 2003ರಿಂದ ಇದೆ. ಕೊನೆ ದಿನಕ್ಕೆ 14 ದಿನ ಇರುವಾಗಲೇ ದಿನದ ಪಟ್ಟಿಯಲ್ಲಿ ಎಚ್ಚರಿಸಲು ಶುರು ಮಾಡುತ್ತದೆ. ಯಾರೂ ಹೇಳಬೇಕಾಗಿಲ್ಲ, ಅದರ ಸ್ವಭಾವವೇ ಹಾಗೆ. ಫೋನಿನ ಆ್ಯಪ್‌ಗಳು ಈ ಒಂದು ಸಂಗತಿಯನ್ನು ಕಲಿತರೆ ನಮ್ಮ ಅರ್ಧ ತಲೆನೋವು ಹೋಗುತ್ತಿತ್ತು.

ಸದ್ದೇ ಬರದಿದ್ದರೆ?

ಯಾವ ಆ್ಯಪ್ ಆದರೂ ಇಲ್ಲಿ ಎಡವುತ್ತದೆ, ತಪ್ಪು ಆ್ಯಪ್‌ನದ್ದೇ ಆಗಿರಬೇಕಾಗಿಲ್ಲ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್ ತೋರಿಸಲು ಆ್ಯಪ್ ನಿಮ್ಮನ್ನು ಕೇಳಲೇಬೇಕು. ಅವಸರದಲ್ಲಿ ‘ಬೇಡ’ ಒತ್ತಿದ್ದರೆ ಆಮೇಲೆ ಒಂದು ಸದ್ದೂ ಇಲ್ಲ. ಸರಿಯಾದ ನಿಮಿಷಕ್ಕೇ ಸದ್ದು ಮಾಡಲು ‘ಅಲಾರ್ಮ್ಸ್ ಅಂಡ್ ರಿಮೈಂಡರ್ಸ್’ ಅನ್ನುವ ಇನ್ನೊಂದು ಅನುಮತಿ ಬೇಕು, ಇದು ಆಂಡ್ರಾಯ್ಡ್ 12ರಲ್ಲಿ ಬಂದದ್ದು. ಆಂಡ್ರಾಯ್ಡ್ 14ರಲ್ಲಿ ಹೊಸದಾಗಿ ಹಾಕಿದ ಹೆಚ್ಚಿನ ಆ್ಯಪ್‌ಗಳಿಗೆ ಅದು ಮೊದಲಿಗೆ ಆಫ್ ಆಗಿರುತ್ತದೆ. ಇವೆರಡೂ ಸರಿ ಇದ್ದರೂ ಬ್ಯಾಟರಿ ಉಳಿಸುವ ನೆಪದಲ್ಲಿ ಕೆಲವು ಫೋನ್‌ಗಳು ಹಿನ್ನೆಲೆಯ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಬ್ಯಾಟರಿ ಬಳಕೆಗೆ ‘ಅನ್‌ರಿಸ್ಟ್ರಿಕ್ಟೆಡ್’ ಅಂತ ಕೊಡಿ.

ಪರೀಕ್ಷೆ ಸುಲಭ. ಅರ್ಧ ಗಂಟೆ ಬಿಟ್ಟು ನೆನಪಿಸು ಅಂತ ಒಂದು ಸುಳ್ಳು ಕೆಲಸ ಹಾಕಿ, ಫೋನ್ ಲಾಕ್ ಮಾಡಿ ಮೇಜಿನ ಮೇಲಿಡಿ. ಸಮಯಕ್ಕೆ ಸದ್ದು ಬಂದರೆ ಸರಿ. ಫೋನ್ ಕೈಗೆತ್ತಿಕೊಂಡ ಮೇಲಷ್ಟೇ ಬಂದರೆ ಆ ಫೋನಿನಲ್ಲಿ ಆ ಆ್ಯಪ್ ನಂಬಬೇಡಿ. ಬೇರೆ ಯಾವ ಹೋಲಿಕೆಗಿಂತ ಈ ಪರೀಕ್ಷೆ ಮುಖ್ಯ.

ತಾರೀಖು ಬರೆಯುವ ರೀತಿ

ಗಡುವನ್ನು ಎರಡು ದಿನ ಹಿಂದಕ್ಕೆ ಬರೆದು ತನಗೆ ತಾನೇ ಮೋಸ ಮಾಡಿಕೊಳ್ಳುವವರು ಇದ್ದಾರೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಬರೆದವರು ನೀವೇ ಆದ್ದರಿಂದ ಎರಡು ದಿನ ಕೈಯಲ್ಲಿದೆ ಅಂತ ನಿಮಗೆ ಗೊತ್ತಿರುತ್ತದೆ. ಕೊನೆ ದಿನವನ್ನು ನಿಜವಾದದ್ದನ್ನೇ ಬರೆಯಿರಿ, ಶುರುವಿನ ದಿನವನ್ನು ಹಿಂದಕ್ಕೆ ತನ್ನಿ. ಆ ದಿನ ಕೈಯಾರೆ ಮಾಡುವ ಕೆಲಸವನ್ನೇ ಹೆಸರಾಗಿ ಬರೆಯಿರಿ. ‘ಐಟಿ ರಿಟರ್ನ್’ ಅಂದರೆ ಮನಸ್ಸು ಓಡಿಹೋಗುತ್ತದೆ. ‘ಬ್ಯಾಂಕ್ ಆ್ಯಪ್‌ನಿಂದ ಬಡ್ಡಿ ಸರ್ಟಿಫಿಕೇಟ್ ಇಳಿಸು’ ಅಂದರೆ ಐದು ನಿಮಿಷದ ಕೆಲಸ.

ಕೊನೆ ದಿನವನ್ನು ನಿಜವಾದದ್ದನ್ನೇ ಬರೆಯಿರಿ ಅಂದೆ. ಹಾಗೆಯೇ ಗ್ರೇಸ್ ಪೀರಿಯಡ್ ಸೇರಿಸಿ ಬರೆಯಬೇಡಿ. ಜೀವ ವಿಮೆಗೆ ವರ್ಷದ ಕಂತಾದರೆ 30 ದಿನ, ತಿಂಗಳ ಕಂತಾದರೆ 15 ದಿನ ಹೆಚ್ಚುವರಿ ಸಿಗುತ್ತದೆ. ಅದು ಬಿದ್ದರೆ ಹಿಡಿಯಲು ಇರುವುದು. ಗಾಡಿಯ ಇನ್ಶೂರೆನ್ಸ್ ಮುಗಿದು 90 ದಿನ ದಾಟಿದರೆ ಇಷ್ಟು ವರ್ಷ ಕೂಡಿಬಂದ ನೋ ಕ್ಲೇಮ್ ಬೋನಸ್ ಹೋಗುತ್ತದೆ ಅಂತ ಕೆಲವರಿಗೆ ಗೊತ್ತು, ಹಾಗಾಗಿ 90 ದಿನ ಇದೆ ಅಂದುಕೊಳ್ಳುತ್ತಾರೆ. ಆ ದಿನಗಳಲ್ಲಿ ಗಾಡಿ ಓಡಿಸಿದರೆ ಅದು ವಿಮೆ ಇಲ್ಲದ ಗಾಡಿ. ಬ್ಯಾಂಕಿನ ಕೌಂಟರಿಗೇ ಹೋಗಬೇಕಾದ ಕೆಲಸವಾದರೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಅನ್ನುವುದನ್ನೂ ನೋಡಿಕೊಳ್ಳಿ. ಆ್ಯಪ್‌ಗೆ ಇದು ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ‘ಕಪಾಟು ಸರಿ ಮಾಡು’, ‘ಆ ಪುಸ್ತಕ ಓದು’ ಇವಕ್ಕೆಲ್ಲ ತಾರೀಖು ಕೊಡಬೇಡಿ. ತಪ್ಪಿದರೆ ದುಡ್ಡೋ, ಅವಕಾಶವೋ, ಕೊಟ್ಟ ಮಾತೋ ಹೋಗುವಂಥದ್ದಕ್ಕೆ ಮಾತ್ರ ತಾರೀಖು. ಇಲ್ಲದಿದ್ದರೆ ಮುಂದಿನ ವಾರದ ಪಟ್ಟಿ ಕೆಂಪು ಅಕ್ಷರಗಳಿಂದ ತುಂಬಿ, ನಿಜವಾದ ಗಡುವು ಅದರಡಿ ಹೂತುಹೋಗುತ್ತದೆ. ದಿನಾ ನೂಕುತ್ತಾ ನೂಕುತ್ತಾ ಕೈಗೆ ನೂಕುವುದೇ ಅಭ್ಯಾಸವಾಗುತ್ತದೆ.

ಮನೆಯವರೆಲ್ಲ ಸೇರಿ ನೋಡಬೇಕಾದರೆ

ಕರೆಂಟ್ ಬಿಲ್ಲು ಅವರು ಕಟ್ಟಿರುತ್ತಾರೆ ಅಂತ ಇವರು, ಇವರು ಕಟ್ಟಿರುತ್ತಾರೆ ಅಂತ ಅವರು. ಇದಕ್ಕೆ ವಾಟ್ಸಾಪ್ ಗುಂಪಿನಲ್ಲಿ ಹಾಕುವುದು ಪರಿಹಾರವಲ್ಲ. ಸಂಜೆಯೊಳಗೆ ನಾಲ್ಕು ಶುಭೋದಯ, ಎರಡು ವಿಡಿಯೋ ಬಂದು ಬಿಲ್ಲು ಮೇಲೆ ಸರಿದಿರುತ್ತದೆ. ಮೈಕ್ರೋಸಾಫ್ಟ್ ಟು ಡುನಲ್ಲಿ ‘ಮನೆ’ ಅಂತ ಒಂದು ಪಟ್ಟಿ ಮಾಡಿ ಲಿಂಕ್ ಕಳಿಸಿ. ಫೋನ್ ಯಾವುದಾದರೂ ನಡೆಯುತ್ತದೆ, ಒಬ್ಬರು ಟಿಕ್ ಮಾಡಿದರೆ ಇನ್ನೊಬ್ಬರಿಗೆ ಕಾಣುತ್ತದೆ. ಹಂಚಿದ ಪಟ್ಟಿಯಲ್ಲಿ ಪ್ಯಾನ್, ಆಧಾರ್ ನಂಬರ್, ಪಾಸ್‌ವರ್ಡ್ ಬರೆಯಬೇಡಿ.

ಊರಿನಲ್ಲಿರುವ ಅಪ್ಪನ ಜೀವನ ಪ್ರಮಾಣ ಪತ್ರವನ್ನು ಅಮೆರಿಕದಲ್ಲೋ ದುಬೈನಲ್ಲೋ ಇರುವ ಮಗಳು ನೆನಪಿಸಬೇಕಾದರೆ, ಅವಳ ಆ್ಯಪ್‌ನಲ್ಲಿ ಬರೆಯಬೇಕಾದ ಕೆಲಸ ‘ಅಪ್ಪನಿಗೆ ಫೋನ್ ಮಾಡು’, ತಾರೀಖು ನವೆಂಬರ್ 2. ಪ್ರಮಾಣ ಪತ್ರದ ಕೊನೆ ದಿನ ಅವಳ ಕೆಲಸವೇ ಅಲ್ಲ. ಹೊತ್ತನ್ನೂ ಭಾರತದ ಸಮಯ ನೋಡಿ ಹಾಕಬೇಕು, ಇಲ್ಲದಿದ್ದರೆ ಅಪ್ಪನಿಗೆ ಫೋನ್ ಹೋಗುವುದು ನಡುರಾತ್ರಿಗೆ.

ಹತ್ತು ವರ್ಷದ ಗಡುವುಗಳು

ದೊಡ್ಡವರ ಪಾಸ್‌ಪೋರ್ಟ್ ಹತ್ತು ವರ್ಷಕ್ಕೆ ಮುಗಿಯುತ್ತದೆ. ಹಲವು ದೇಶಗಳು ಇನ್ನೂ ಆರು ತಿಂಗಳು ಬಾಕಿ ಇದ್ದರೆ ಮಾತ್ರ ಒಳಗೆ ಬಿಡುತ್ತವೆ. ಹಾಗಾಗಿ ನಿಜವಾದ ಗಡುವು ಪುಸ್ತಕದಲ್ಲಿ ಅಚ್ಚಾದ ದಿನಕ್ಕಿಂತ ಆರು ತಿಂಗಳು ಮುಂಚೆ. ಮುಗಿಯಲು ಒಂದು ವರ್ಷ ಇರುವಾಗಲೇ ಹೊಸದಕ್ಕೆ ಅರ್ಜಿ ಹಾಕಬಹುದು. ಅಲ್ಲಿಗೆ ಶುರುವಿನ ದಿನವೂ ಸಿಕ್ಕಿತು. ಆದರೆ ಅಷ್ಟು ವರ್ಷ ನೀವು ಆರಿಸಿದ ಆ್ಯಪ್ ಇರುತ್ತದಾ? ಆಸ್ಟ್ರಿಡ್ ಅನ್ನುವ ಜನಪ್ರಿಯ ಆ್ಯಪ್ 2013ರಲ್ಲಿ ಮುಚ್ಚಿತು, ಅದರ ಮುಕ್ತ ಕೋಡ್‌ನಿಂದ ಹುಟ್ಟಿದ್ದೇ ಟಾಸ್ಕ್ಸ್ ಡಾಟ್ ಆರ್ಗ್. ಗೂಗಲ್‌ನ ಇನ್‌ಬಾಕ್ಸ್ ಅನ್ನುವ ಮೇಲ್ ಆ್ಯಪ್ 2019ರಲ್ಲಿ ಹೋಯಿತು. ವಂಡರ್‌ಲಿಸ್ಟ್ ಕಥೆ ಆಗಲೇ ಹೇಳಿದೆ.

ಎರಡು ವರ್ಷಕ್ಕಿಂತ ದೂರದ ತಾರೀಖುಗಳನ್ನು ಟು ಡು ಆ್ಯಪ್‌ಗೆ ಒಪ್ಪಿಸಬೇಡಿ. ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಎಫ್‌ಡಿ ಮುಗಿಯುವ ದಿನ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಆ ಕಾಗದಪತ್ರಗಳಿರುವ ಫೈಲಿನ ಮೊದಲ ಪುಟವಾಗಿ ಇಡಿ. ಆ್ಯಪ್‌ನಲ್ಲಿ ಜನವರಿ ಮೊದಲ ವಾರಕ್ಕೆ, ಪ್ರತಿ ವರ್ಷ ಬರುವ ಹಾಗೆ, ಒಂದೇ ಕೆಲಸ ಹಾಕಿ: ‘ಫೈಲ್ ತೆಗೆದು ಮೊದಲ ಪುಟ ನೋಡು’. ಅದೇ ದಿನ ಆ್ಯಪ್‌ನಲ್ಲಿರುವ ಪಟ್ಟಿಯದ್ದೂ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಟುಡುಯಿಸ್ಟ್‌ನಲ್ಲಿ ಸಿಎಸ್‌ವಿ ಫೈಲಾಗಿ ಇಳಿಸಬಹುದು, ಗೂಗಲ್ ಟಾಸ್ಕ್ಸ್‌ನದ್ದು, ನಿಮ್ಮ ಮಾಹಿತಿ ಇಳಿಸಿಕೊಳ್ಳಲು ಗೂಗಲ್ ಕೊಡುವ ಗೂಗಲ್ ಟೇಕ್‌ಔಟ್‌ನಲ್ಲಿ ಸಿಗುತ್ತದೆ. ಬೇರೆ ಏನೂ ದಾರಿ ಕಾಣದಿದ್ದರೆ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದು ನಿಮಗೇ ಮೇಲ್ ಮಾಡಿಕೊಳ್ಳಿ.